ಎರಡು ಇಂಚು ಕೆಳಗೆ

ಆಸ್ಪತ್ರೆಯವರು ಒಳಗಿನ ಕೆಲಸದವರಿಗೆಲ್ಲ ಸಮವಸ್ತ್ರ ಹೊಲಿಸಿಕೊಡುತ್ತಾರಂತೆ ಎಂದು ಗುಬ್ಬಿ ಊಟದ ಹೊತ್ತಿನಲ್ಲಿ ಹೇಳಿದಾಗ, ಬಡಿಸುತ್ತಿದ್ದ ಓರಗಿತ್ತಿಯ ಸೌಟು ಪಾತ್ರೆಯ ಮೇಲೇ ನಿಂತುಬಿಟ್ಟಿತು.

"ಯಾರು ಹೊಲಿಯೋದು?"

"ಅವರದೇ ಒಬ್ಬ ಮಾಸ್ಟರು ಇದ್ದಾರಂತೆ ಅಕ್ಕ. ನಾಳೆ ಬಂದು ಅಳತೆ ತಗೊಳ್ತಾರೆ."

"ಬಟ್ಟೆ ಈಸ್ಕೊಂಡು ಬಾ. ನಾನೇ ಹೊಲಿದುಕೊಡ್ತೀನಿ. ನಿನ್ನ ಮೈಗೆ ಹೊಲಿಯೋದು ಕಂಡಕಂಡವರಿಗೆಲ್ಲ ಬರಲ್ಲ."

"ಹಾಗೆ ಕೊಡಲ್ವಂತೆ. ಎಲ್ಲರದ್ದೂ ಒಂದೇ ಥರ ಇರಬೇಕಂತೆ."

"ಗುಬ್ಬಿಗಾದ್ರೆ ಒಂದು ಕರವಸ್ತ್ರ ಸಾಕು, ಎರಡು ಜೊತೆ ಆಗುತ್ತೆ" ಎಂದು ಭಾವ ನಡುವೆ ಬಾಯಿ ಹಾಕಿದರು. ಅತ್ತೆ ನಕ್ಕರು, ಗಂಡ ನಕ್ಕ, ಗುಬ್ಬಿಯೂ ನಕ್ಕಳು. ಮದುವೆಯಾಗಿ ಬಂದ ಒಂಬತ್ತು ವರ್ಷದಲ್ಲಿ ಈ ಮಾತುಗಳಿಗೆ ತಾನೇ ಮೊದಲು ನಕ್ಕುಬಿಟ್ಟರೆ ಬೇಗ ಮುಗಿಯುತ್ತದೆ ಎಂದು ಅವಳು ಕಲಿತಿದ್ದಳು.

ಅವಳ ಎತ್ತರ ನಾಲ್ಕು ಅಡಿ ಒಂಬತ್ತು ಇಂಚು. ಗುಬ್ಬಿ ಎನ್ನುವುದು ಈ ಮನೆಗೆ ಬಂದ ವಾರದೊಳಗೆ ಅಂಟಿಕೊಂಡ ಹೆಸರು. ಕಣ್ಣಾಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ಅವಳ ಕೆಲಸ. ರೋಗಿಗಳ ಕಡತ ಹುಡುಕಿ ಒಳಗಿನ ಕಿಟಕಿಯಿಂದ ದಾಟಿಸಬೇಕು, ಸಂಜೆ ಮತ್ತೆ ಜೋಡಿಸಿಡಬೇಕು. ಮೇಲಿನ ಸಾಲಿಗೆ ಕೈ ಹಾಕಲು ಮೂರು ಮೆಟ್ಟಿಲಿನ ಸ್ಟೂಲು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಭಾವ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುವವರು. ಮನೆಯ ಮುಂಗೋಣೆಯಲ್ಲಿ ಓರಗಿತ್ತಿಯ ಹೊಲಿಗೆ ಯಂತ್ರ. ಬೀದಿಯ ಅರ್ಧದಷ್ಟು ಹೆಂಗಸರು ಅವಳ ಗಿರಾಕಿಗಳು. ಎತ್ತರದ ಹೆಂಗಸು, ಅಗಲ ಭುಜ, ಕತ್ತರಿ ಹಿಡಿದರೆ ಬಟ್ಟೆ ತಾನಾಗಿಯೇ ದಾರಿ ಬಿಡುವಂಥ ಕೈ.

ಆ ಕೈ ಗುಬ್ಬಿಯನ್ನು ಒಂಬತ್ತು ವರ್ಷ ಸಾಕಿತ್ತು ಎಂದರೂ ಸುಳ್ಳಲ್ಲ. ಹೆರಿಗೆಯಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದಾಗ ಒಂದೂವರೆ ತಿಂಗಳು ಎತ್ತಿ ಕೂರಿಸಿ, ಮೈ ಒರೆಸಿ, ತಲೆ ಬಾಚಿದವಳು ಅವಳೇ. ಗುಬ್ಬಿ ಅಂಗಡಿಯಿಂದ ಬಟ್ಟೆ ಕೊಂಡದ್ದೇ ಇಲ್ಲ. "ರೆಡಿಮೇಡ್ ನಿನಗೆ ಆಗಲ್ಲ ಕಣೆ, ತೋಳು ಮೊಣಕಾಲಿಗೆ ಬರುತ್ತೆ" ಎಂದು ಓರಗಿತ್ತಿ ತಾನೇ ಬಟ್ಟೆ ಆರಿಸಿ, ಹೊಲಿದು, ಇಸ್ತ್ರಿ ಮಾಡಿ ಕೈಗಿಡುತ್ತಿದ್ದಳು. ಅಗಲ ಹೂವಿನ ಬಟ್ಟೆಗಳು, ಮೀನಖಂಡದವರೆಗೆ ಇಳಿಬಿಟ್ಟ ಉದ್ದನೆಯ ಟಾಪುಗಳು, ಎರಡೂ ಪಕ್ಕ ದೊಡ್ಡ ಜೇಬು. ಕನ್ನಡಿಯಲ್ಲಿ ನೋಡಿಕೊಂಡಾಗ ದಿಂಬಿಗೆ ಗವಸು ಹಾಕಿದಂತೆ ಕಂಡರೆ ಗುಬ್ಬಿ ತನ್ನ ಮೈಯನ್ನೇ ಬೈದುಕೊಳ್ಳುತ್ತಿದ್ದಳು. ಇಷ್ಟು ಚೆನ್ನಾಗಿ ಹೊಲಿದುಕೊಡುವವಳಿದ್ದೂ ಹೀಗೆ ಕಂಡರೆ ಬಟ್ಟೆಯದೇನು ತಪ್ಪು?

ಆಸ್ಪತ್ರೆಯ ಮಾಸ್ಟರು ಅರವತ್ತು ದಾಟಿದವರು. ಕೊರಳಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲು. ಗುಬ್ಬಿಯ ಸರದಿ ಬಂದಾಗ ಅವಳು ತಾನಾಗಿಯೇ ಹೇಳಿದಳು: "ನನಗೆ ಸ್ವಲ್ಪ ಸಡಿಲವಾಗಿಯೇ ಹೊಲೀರಿ ಮಾಸ್ಟ್ರೇ. ಕುಳ್ಳಿ ನಾನು, ಏನು ಹಾಕಿದ್ರೂ ಅಷ್ಟೆ."

"ಕುಳ್ಳಿ ಅಂತ ನಾನು ಬರ್ಕೊಳ್ಳಲ್ಲಮ್ಮ, ಇಂಚು ಬರ್ಕೊಳ್ತೀನಿ" ಎಂದು ಅವರು ಟೇಪು ಎಳೆದರು.

ಹದಿನೈದು ದಿನಕ್ಕೆ ಎರಡು ಜೊತೆ ಬಂದವು. ಬೂದು ಬಣ್ಣದ ಟಾಪು, ಅದೇ ಬಣ್ಣದ ಪ್ಯಾಂಟು. ಸೋಮವಾರ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಹಾಕಿಕೊಂಡು ಹೊರಬಂದರೆ ದಾಖಲೆ ಕೋಣೆಯ ಜೊತೆಗಾತಿ ಕೈಯಲ್ಲಿದ್ದ ಕಡತಗಳನ್ನು ಮೇಜಿನ ಮೇಲೆ ಇಟ್ಟೇಬಿಟ್ಟಳು.

"ಏನೇ ಇದು! ಹೀಲ್ಸ್ ಚಪ್ಪಲಿ ಹಾಕಿದ್ದೀಯಾ?"

"ಇಲ್ಲ ಕಣೆ, ಅದೇ ಹಳೇ ಚಪ್ಪಲಿ."

"ಮತ್ತೆ ಉದ್ದ ಹೆಂಗಾದೆ?"

ಗುಬ್ಬಿ ಗೋಡೆಯ ಕನ್ನಡಿಯ ಮುಂದೆ ನಿಂತಳು. ಕುಳ್ಳಗಿದ್ದಳು, ಅದೇನೂ ಮಾಯವಾಗಿರಲಿಲ್ಲ. ಆದರೆ ಕನ್ನಡಿಯಲ್ಲಿದ್ದವಳಿಗೆ ಸೊಂಟವಿತ್ತು. ಕಾಲುಗಳಿದ್ದವು. ಕುತ್ತಿಗೆ ಇತ್ತು. ಅಚ್ಚುಕಟ್ಟಾದ, ಚುರುಕಾದ ಸಣ್ಣ ಹೆಂಗಸೊಬ್ಬಳು ಅಲ್ಲಿ ನಿಂತಿದ್ದಳು. ಮಧ್ಯಾಹ್ನ ಕಡತ ಕೇಳಲು ಬಂದ ಮೇಲ್ವಿಚಾರಕಿ "ಹೊಸಬರಾ ನೀವು?" ಎಂದು ಕೇಳಿ, ಆಮೇಲೆ ಗುರುತು ಹಿಡಿದು ನಾಲಗೆ ಕಚ್ಚಿಕೊಂಡಳು.

ಸಂಜೆ ಗುಬ್ಬಿ ಅದನ್ನೇ ಹಾಕಿಕೊಂಡು ಮನೆಗೆ ಬಂದಳು. ಮಗಳು "ಅಮ್ಮಾ, ನೀನು ಟೀವಿಯವಳ ಥರ ಇದ್ದೀಯ" ಎಂದು ಅವಳ ಸುತ್ತ ಒಂದು ಸುತ್ತು ಹಾಕಿದಳು. ಭಾವ ಕನ್ನಡಕ ಮೇಲೇರಿಸಿ ನೋಡಿದರು. ಅವರ ಬಾಯಿಂದ ಕರವಸ್ತ್ರದ ಮಾತು ಬರಲಿಲ್ಲ. "ಪರವಾಗಿಲ್ವೇ, ಆಫೀಸರ್ ಹಾಗೆ ಕಾಣ್ತೀಯ" ಎಂದರು.

ಓರಗಿತ್ತಿ ಯಂತ್ರದ ಮುಂದಿನಿಂದ ಎದ್ದು ಬಂದಳು. ಗುಬ್ಬಿಯ ಬೆನ್ನ ಹಿಂದೆ ನಿಂತು ಭುಜದ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು.

"ತುಂಬ ಬಿಗಿ ಆಯ್ತಲ್ಲೇ. ಕೈ ಎತ್ತಿದ್ರೆ ಕಂಕುಳಲ್ಲಿ ಹರಿಯುತ್ತೆ."

"ಇಲ್ಲ ಅಕ್ಕ, ದಿನವಿಡೀ ಸ್ಟೂಲ್ ಹತ್ತಿದೆ, ಏನೂ ಆಗಲಿಲ್ಲ."

"ಇವತ್ತು ಆಗಲಿಲ್ಲ. ಒಗೆದ ಮೇಲೆ ಕುಗ್ಗುತ್ತೆ. ಇನ್ನೊಂದು ಜೊತೆ ಕೊಡು, ಸ್ವಲ್ಪ ಬಿಡಿಸಿ ಸರಿ ಮಾಡ್ತೀನಿ."

ಬೇಡ ಎನ್ನಲು ಗುಬ್ಬಿಗೆ ಬಾಯಿ ಬರಲಿಲ್ಲ. ಪ್ರೀತಿಯಿಂದ ಕೇಳುತ್ತಿದ್ದಾಳೆ. ಕೊಟ್ಟಳು.

ಗುರುವಾರ ಆ ಎರಡನೆಯ ಜೊತೆ ಹಾಕಿಕೊಂಡು ಹೋದಳು. ಜೊತೆಗಾತಿ ಒಮ್ಮೆ ನೋಡಿ ಕಡತಗಳ ಕಡೆ ತಿರುಗಿದಳು. ಸ್ವಲ್ಪ ಹೊತ್ತಿನ ಮೇಲೆ ತಡೆಯಲಾರದೆ, "ಮೈಗೆ ಹುಷಾರಿಲ್ವಾ? ಯಾಕೋ ಊದಿಕೊಂಡ ಹಾಗೆ ಕಾಣ್ತೀಯ" ಎಂದಳು.

ಗುಬ್ಬಿ ಮತ್ತೆ ಅದೇ ಕನ್ನಡಿಯ ಮುಂದೆ ಹೋದಳು. ಅದೇ ಬೂದು ಬಣ್ಣ, ಅದೇ ಗುಂಡಿ. ಆದರೆ ಅಲ್ಲಿ ನಿಂತಿದ್ದವಳು ಹಳೆಯ ಗುಬ್ಬಿ, ಗವಸು ಹಾಕಿದ ದಿಂಬು. ಸೋಮವಾರದ ಹೆಂಗಸು ಎಲ್ಲಿ ಹೋದಳೋ ಅವಳಿಗೆ ತಿಳಿಯಲಿಲ್ಲ.

ಮಾಸ್ಟರು ಆಸ್ಪತ್ರೆಯ ಹಿಂಬದಿಯ ಬಟ್ಟೆ ಒಗೆಯುವ ವಿಭಾಗದ ಪಕ್ಕ ಒಂದು ಸಣ್ಣ ಕೋಣೆಯಲ್ಲಿ ಕೂರುತ್ತಿದ್ದರು. ಹರಿದ ಪರದೆ, ಹಾಸಿಗೆ ಹೊದಿಕೆಗಳ ರಿಪೇರಿಯೂ ಅವರದೇ. ಊಟದ ಬಿಡುವಿನಲ್ಲಿ ಗುಬ್ಬಿ ಹೋಗಿ ಎದುರು ನಿಂತಳು.

"ಮಾಸ್ಟ್ರೇ, ಎರಡನೇ ಜೊತೆ ಹೊಲಿಯುವಾಗ ನನ್ನ ಅಳತೆ ತಪ್ಪಿಸಿದ್ರಾ?"

ಅವರು ತಲೆ ಎತ್ತಿ ನೋಡಿದರು. ಹುಬ್ಬು ಗಂಟಾಯಿತು. "ಇದು ನನ್ನ ಹೊಲಿಗೆ ಅಲ್ಲ. ಯಾರು ಬಿಚ್ಚಿದ್ದು?"

"ನಮ್ಮ ಅಕ್ಕ. ಬಿಗಿ ಆಯ್ತು ಅಂತ ಸ್ವಲ್ಪ ಬಿಡಿಸಿದ್ದಾರೆ, ಅಷ್ಟೆ."

"ಬಿಡಿಸಿಲ್ಲ. ಇಳಿಸಿದ್ದಾರೆ." ಅವರು ಟೇಪು ಹಿಡಿದು ತೋರಿಸಿದರು. "ಸೊಂಟದ ಗೆರೆ ನಾನು ಸ್ವಲ್ಪ ಮೇಲೆ ಇಟ್ಟಿದ್ದೆ. ಕುಳ್ಳಗಿರೋರಿಗೆ ಅಲ್ಲಿಟ್ರೆ ಕಾಲು ಉದ್ದ ಕಾಣುತ್ತೆ. ಅದನ್ನ ಎರಡು ಇಂಚು ಕೆಳಗೆ ತಂದಿದ್ದಾರೆ. ಭುಜದ ಹೊಲಿಗೆ ಮೂಳೆ ಮೇಲೆ ಕೂರಬೇಕು, ಅದು ತೋಳಿಗೆ ಜಾರಿದೆ. ಪ್ಯಾಂಟಿನ ಅಂಚು ಬಿಚ್ಚಿ ಪಾದದ ಮೇಲೆ ಸುಕ್ಕು ಬೀಳೋ ಹಾಗೆ ಬಿಟ್ಟಿದ್ದಾರೆ."

"ಅವರಿಗೆ ಗೊತ್ತಾಗಿರಲ್ಲ ಬಿಡಿ. ಮನೇಲೇ ಹೊಲಿಯೋರು."

ಮಾಸ್ಟರು ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. "ಅವರು ಹೊಲಿದ ಬೇರೆ ಬಟ್ಟೆ ಇದ್ರೆ ತನ್ನಿ, ನೋಡೋಣ" ಎಂದರು.

ಮರುದಿನ ಗುಬ್ಬಿ ಚೀಲದಲ್ಲಿ ಐದು ಟಾಪು ತಂದಳು. ಅವರು ಒಂದೊಂದನ್ನೇ ಮೇಜಿನ ಮೇಲೆ ಹರಡಿ, ಒಳಮಗ್ಗುಲು ತಿರುಗಿಸಿ, ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದರು.

"ಕೈ ಬಹಳ ಚೆನ್ನಾಗಿದೆ. ನನಗಿಂತ ಚೆನ್ನಾಗಿದೆ. ಈ ಗುಂಡಿ ಕಾಜ ನೋಡಿ, ಯಂತ್ರದಲ್ಲೂ ಇಷ್ಟು ನೇರ ಬರಲ್ಲ."

"ಮತ್ತೆ?"

"ಬರದೇ ಇರೋರು ಹೊಲಿದ್ರೆ ಒಂದೊಂದು ಬಟ್ಟೇಲಿ ಒಂದೊಂದು ಕಡೆ ತಪ್ಪಿರುತ್ತೆ ಅಮ್ಮ. ಇಲ್ಲಿ ಐದರಲ್ಲೂ ಒಂದೇ ಜಾಗ, ಒಂದೇ ಅಳತೆ. ಸೊಂಟ ಎರಡು ಇಂಚು ಕೆಳಗೆ. ಅಂಚು ಮೀನಖಂಡದ ದಪ್ಪ ಇರೋ ಕಡೆಗೇ. ಜೇಬು ತೊಡೆಯ ಅಗಲದ ಮೇಲೇ. ಇದು ತಪ್ಪಲ್ಲ." ಅವರು ಟಾಪುಗಳನ್ನು ನಿಧಾನವಾಗಿ ಮಡಚಿದರು. "ನಾನು ಹೇಳಬಾರದಿತ್ತೇನೋ. ಕೇಳಿದ್ರಿ, ಹೇಳಿದೆ."

ಆ ಸಂಜೆ ಗುಬ್ಬಿ ಬಸ್ಸಿನಲ್ಲಿ ಎರಡು ನಿಲ್ದಾಣ ಮುಂದೆ ಹೋಗಿ ಇಳಿದು ವಾಪಸು ನಡೆದು ಬಂದಳು. ಮುದುಕರಿಗೆ ಏನು ಗೊತ್ತು, ತನ್ನ ಹೊಲಿಗೆ ಮುಟ್ಟಿದರೆಂದು ಸಿಟ್ಟಿಗೆ ಹಾಗೆ ಹೇಳಿದ್ದಾರೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡಳು. ಮನೆಗೆ ಬಂದಾಗ ಓರಗಿತ್ತಿ ಮಗುವಿಗೆ ಮೊಟ್ಟೆ ಬಿಡಿಸಿ ತಿನ್ನಿಸುತ್ತಿದ್ದಳು. "ಯಾಕೆ ತಡ ಆಯ್ತು? ಮುಖ ಬಾಡಿದೆ. ಚಹಾ ಬಿಸಿ ಮಾಡ್ಲಾ?" ಎಂದಳು. ಅದೇ ದನಿ, ಅದೇ ಅಕ್ಕರೆ. ಗುಬ್ಬಿಗೆ ತನ್ನ ಅನುಮಾನದ ಬಗ್ಗೆ ನಾಚಿಕೆಯಾಯಿತು.

ಒಗೆದ ಬಟ್ಟೆ ಮಡಚಲು ಕೂತಾಗ ಮಗಳ ಫ್ರಾಕು ಕೈಗೆ ಬಂತು. ಏಳು ವರ್ಷದ ಹುಡುಗಿ, ಅಮ್ಮನ ಹಾಗೇ ಮೋಟು. ತರಗತಿಯಲ್ಲಿ ಮೊದಲ ಸಾಲು. ಅವಳ ಬಟ್ಟೆಯೂ ಓರಗಿತ್ತಿಯದೇ ಹೊಲಿಗೆ. ಗುಬ್ಬಿ ಫ್ರಾಕನ್ನು ಮೊಣಕಾಲ ಮೇಲೆ ಹರಡಿದಳು. ಸಣ್ಣ ಸಣ್ಣ ಚುಕ್ಕಿಯ ಬಟ್ಟೆ. ಸೊಂಟದ ಗೆರೆ ಮೇಲೆ, ಮಾಸ್ಟರು ತೋರಿಸಿದ ಜಾಗದಲ್ಲೇ. ಭುಜದ ಹೊಲಿಗೆ ಮೂಳೆಯ ಮೇಲೆ. ಅಂಚು ಮೊಣಕಾಲಿಗೆ ಸರಿಯಾಗಿ ನಿಂತಿತ್ತು. ಇನ್ನೊಂದು ಫ್ರಾಕು ತೆಗೆದಳು. ಅದೂ ಹಾಗೇ. ಮೂರನೆಯದು, ಶಾಲೆಯ ಸ್ಕರ್ಟು, ಚಳಿಯ ಕೋಟು, ಎಲ್ಲವೂ ಹಾಗೇ. ಕುಳ್ಳಗಿನ ಮೈಗೆ ಹೇಗೆ ಹೊಲಿಯಬೇಕು ಎಂಬುದರಲ್ಲಿ ಓರಗಿತ್ತಿಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ.

ಗುಬ್ಬಿ ಅಲ್ಲೇ ನೆಲದ ಮೇಲೆ, ಮಡಚಿದ ಬಟ್ಟೆಗಳ ನಡುವೆ ಕೂತುಬಿಟ್ಟಳು. ಅಳು ಬರಲಿಲ್ಲ.

ಭಾನುವಾರದವರೆಗೆ ಅವಳು ಬಾಯಿ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಹೆಂಗಸರು ಮೂವರೂ ಅಡುಗೆಮನೆಯ ಮೇಜಿನ ಸುತ್ತ ಬಟಾಣಿ ಸುಲಿಯುತ್ತಿದ್ದರು. ಗಂಡ ಕಿಟಕಿಯ ಕೀಲಿಗೆ ಎಣ್ಣೆ ಬಿಡುತ್ತಿದ್ದ. ಭಾವ ಪಕ್ಕದ ಕೋಣೆಯಲ್ಲಿ ಪತ್ರಿಕೆ ಹಿಡಿದಿದ್ದರು. ಗುಬ್ಬಿ ಎದ್ದು ಹೋಗಿ ತನ್ನ ಒಂದು ಟಾಪು, ಮಗಳ ಒಂದು ಫ್ರಾಕು ತಂದು ಬಟಾಣಿಯ ಪಕ್ಕದಲ್ಲಿ ಇಟ್ಟಳು.

"ಅಕ್ಕ, ಇದರ ಸೊಂಟ ಯಾಕೆ ಇಲ್ಲಿದೆ, ಅದರ ಸೊಂಟ ಯಾಕೆ ಅಲ್ಲಿದೆ?"

ಓರಗಿತ್ತಿ ನೋಡಿದಳು. ಬೆರಳು ಸಿಪ್ಪೆಯೊಳಗೇ ನಿಂತಿತು. "ಮಕ್ಕಳದ್ದು ಬೇರೆ, ದೊಡ್ಡವರದ್ದು ಬೇರೆ."

"ಬೀದಿಯವರಿಗೆಲ್ಲ ಹೊಲೀತೀಯಲ್ಲ, ಆ ಮೂಲೆಮನೆ ಟೀಚರು ನನ್ನಷ್ಟೇ ಇದ್ದಾರೆ. ಅವರದ್ದು ಎಲ್ಲಿರುತ್ತೆ?"

ಓರಗಿತ್ತಿ ಇನ್ನೊಂದು ಬಟಾಣಿಕಾಯಿ ಕೈಗೆತ್ತಿಕೊಂಡಳು.

"ನನ್ನ ಸಮವಸ್ತ್ರ ಯಾಕೆ ಬಿಚ್ಚಿದೆ?"

"ಬಿಗಿ ಆಗಿತ್ತು ಅಂದ್ನಲ್ಲ."

"ಬಿಗಿ ಆಗಿರಲಿಲ್ಲ. ಚೆನ್ನಾಗಿ ಕಾಣ್ತಿತ್ತು."

"ಬೆಳಿಗ್ಗೆ ಬೆಳಿಗ್ಗೆ ಇದೇನು ಶುರು ಹಚ್ಕೊಂಡ್ರಿ" ಎಂದು ಗಂಡ ಎಣ್ಣೆಯ ಡಬ್ಬಿ ಕೆಳಗಿಟ್ಟ. "ಬಟ್ಟೆ ತಾನೇ?"

"ನೀವು ಸುಮ್ಮನಿರಿ. ಅಕ್ಕ, ನನ್ನ ತಲೆ ಮೇಲೆ ಕೈ ಇಟ್ಟು ಹೇಳು, ಗೊತ್ತಿಲ್ಲದೆ ಮಾಡಿದೆ ಅಂತ. ನಾನು ನಂಬ್ತೀನಿ. ಇವತ್ತಿಗೆ ಬಿಟ್ಟುಬಿಡ್ತೀನಿ."

ಓರಗಿತ್ತಿ ಕೈ ಮೇಲೆತ್ತಲಿಲ್ಲ. ಬಟಾಣಿಯ ತಟ್ಟೆಯನ್ನು ಆಚೆ ತಳ್ಳಿದಳು.

"ನಾನು ಈ ಮನೆಗೆ ಬಂದಾಗ ಮಾವ ಇನ್ನೂ ಇದ್ರು, ಮೊದಲನೇ ದಿನವೇ ಏನಂದ್ರು ಗೊತ್ತಾ? 'ಇನ್ನು ಬಲ್ಬು ಹಾಕೋದಕ್ಕೆ ಏಣಿ ಬೇಡ' ಅಂದ್ರು. ಎಲ್ಲರೂ ನಕ್ಕರು. ಆವತ್ತಿಂದ ಏಣಿ ನನ್ನ ಹೆಸರು. ಏಣಿ ಚಹಾ ತಾ, ಏಣಿ ಬಾಗಿಲು ಬಗ್ಗಿ ದಾಟು. ಆರು ವರ್ಷ. ಆರು ವರ್ಷ ಗೂನು ಹಾಕ್ಕೊಂಡು ಓಡಾಡಿದೆ. ಆಮೇಲೆ ನೀನು ಬಂದೆ. ಎಲ್ಲರೂ ನಿನ್ನ ಕಡೆ ತಿರುಗಿದ್ರು. ನನಗೆ ಉಸಿರು ಬಂತು."

"ಅದಕ್ಕೆ?"

"ಮದುವೆಯಾದ ತಿಂಗಳು ನಿಮ್ಮಮ್ಮ ಹೊಲಿಸಿದ ಹಸಿರು ಡ್ರೆಸ್ಸು ಹಾಕ್ಕೊಂಡು ಈ ಬಾಗಿಲಲ್ಲಿ ನಿಂತೆ. ನೆನಪಿದೆಯಾ? ಯಾರೂ ನಗಲಿಲ್ಲ. 'ಗೊಂಬೆ ಹಾಗಿದ್ದಾಳೆ' ಅಂದ್ರು ನಿಮ್ಮ ಭಾವ. ಅಂದು, ತಿರುಗಿ ನನ್ನ ನೋಡಿ, 'ಏಣಿ, ಪಕ್ಕಕ್ಕೆ ನಿಂತ್ಕೋ, ಗೊಂಬೆಗೆ ಬೆಳಕು ಬೀಳಲಿ' ಅಂದ್ರು."

ಪಕ್ಕದ ಕೋಣೆಯಲ್ಲಿ ಪತ್ರಿಕೆಯ ಸದ್ದು ನಿಂತಿತು.

"ಆ ಹಸಿರು ಡ್ರೆಸ್ಸು ಒಗೆಯುವಾಗ ಹರಿದು ಹೋಯ್ತು ಅಂದೆಯಲ್ಲ."

"ನಾನೇ ಹರಿದೆ."

"ಆಮೇಲೆ ಒಂಬತ್ತು ವರ್ಷ..."

"ಮೊದಲು ಒಂದೇ ಒಂದು ಸಲ ಅಂತ ಅಂದುಕೊಂಡೆ. ಆಮೇಲೆ ಅದೇ ಅಭ್ಯಾಸ ಆಯ್ತು. ನಿನ್ನ ಮೇಲೆ ನನಗೆ ದ್ವೇಷ ಇರಲಿಲ್ಲ ಕಣೆ. ಆಣೆ ಮಾಡ್ತೀನಿ. ನೀನು ಅಂದ್ರೆ ನನಗೆ ಜೀವ."

"ಜೀವ ಅಂತ ಗೊತ್ತು. ಅದಕ್ಕೇ ಯಾವತ್ತೂ ಬಟ್ಟೇನ ಅನುಮಾನಿಸಲಿಲ್ಲ, ನನ್ನನ್ನೇ ಅನುಮಾನಿಸಿದೆ. ಐದು ವರ್ಷದ ಹಿಂದೆ ಆಸ್ಪತ್ರೆ ಮುಂದಿನ ಕೌಂಟರಿಗೆ ಜನ ಬೇಕು ಅಂದ್ರು. ನೀನು ಏನಂದೆ? 'ಎಲ್ಲರ ಕಣ್ಣಿಗೆ ಬೀಳೋ ಕೆಲಸ ನಿನಗ್ಯಾಕೆ, ನಗ್ತಾರೆ' ಅಂದೆ. ನಾನು ಅರ್ಜಿನೇ ಹಾಕಲಿಲ್ಲ."

ಅತ್ತೆ ಸುಲಿದ ಬಟಾಣಿಯಲ್ಲಿ ಮತ್ತೆ ಮತ್ತೆ ಕೈಯಾಡಿಸುತ್ತಿದ್ದರು. ಗುಬ್ಬಿ ಅವರ ಕಡೆ ತಿರುಗಿದಳು. ಅವರು ತಲೆ ಎತ್ತಲಿಲ್ಲ. ಎತ್ತದೇ ಇದ್ದುದರಲ್ಲೇ ಅವಳಿಗೆ ತಿಳಿಯಿತು.

"ಅತ್ತೆ, ನಿಮಗೆ ಗೊತ್ತಿತ್ತು."

"ನಾನೂ ಒಂದು ಕಾಲದಲ್ಲಿ ಹೊಲೀತಿದ್ದವಳೇ" ಎಂದರು ಅತ್ತೆ, ಮೆಲ್ಲಗೆ. "ಒಂದೆರಡು ವರ್ಷ ಆದ ಮೇಲೆ ಕಣ್ಣಿಗೆ ಬಿತ್ತು."

"ಹೇಳಲಿಲ್ಲ."

"ಹೇಳಿದ್ರೆ ಏನಾಗ್ತಿತ್ತು? ಈಗ ಆಗ್ತಿರೋದು ಅವತ್ತೇ ಆಗ್ತಿತ್ತು. ಇಬ್ಬರು ಸೊಸೆಯಂದಿರು ಒಂದೇ ತಟ್ಟೇಲಿ ಉಣ್ಣೋ ಮನೆ ಇದೊಂದೇ ಅಂತ ಬೀದಿಯೆಲ್ಲ ಹೇಳುತ್ತೆ. ಒಂಬತ್ತು ವರ್ಷ ಒಂದು ಜಗಳ ಇರಲಿಲ್ಲ ಈ ಮನೇಲಿ."

"ಇತ್ತು ಅತ್ತೆ. ನಾನು ಅದನ್ನ ದಿನಾ ಮೈಮೇಲೆ ಹಾಕ್ಕೊಂಡು ಓಡಾಡ್ತಿದ್ದೆ."

ಅಂದು ಬಟಾಣಿ ಒಲೆಗೆ ಹೋಗಲಿಲ್ಲ. ಭಾವ ಬ್ರೆಡ್ಡು ತಂದು ಯಾರಿಗೂ ಏನೂ ಹೇಳದೆ ಮೇಜಿನ ಮೇಲಿಟ್ಟರು. ಗಂಡ ಕೋಣೆಯ ಬಾಗಿಲು ಮುಂದೆ ಮಾಡಿ, "ಎರಡು ಇಂಚಿಗೆ ಮನೆ ಎರಡು ಮಾಡ್ತೀಯಾ? ಅತ್ತಿಗೆ ನಿನಗೆ ಏನೆಲ್ಲ ಮಾಡಿದ್ದಾರೆ ನೋಡು" ಎಂದ.

"ನಿಮಗೆ ನಾನು ಹೇಗೆ ಕಾಣ್ತಿದ್ದೆ ಇಷ್ಟು ವರ್ಷ?"

"ಹೇಗೆ ಅಂದ್ರೆ? ಇದ್ದ ಹಾಗೇ ಕಾಣ್ತಿದ್ದೆ."

"ನಾನು ಇದ್ದದ್ದು ಹಾಗಲ್ಲ" ಎಂದಳು ಗುಬ್ಬಿ. ಅವನಿಗೆ ಅರ್ಥವಾಗಲಿಲ್ಲ.

ಮುಂದಿನ ವಾರಗಳಲ್ಲಿ ಮನೆ ಎರಡೇನೂ ಆಗಲಿಲ್ಲ. ಒಲೆ ಒಂದೇ, ಸೌಟು ಒಂದೇ. ಆದರೆ ಗುಬ್ಬಿ ಬೆಳಿಗ್ಗೆ ಒಂದು ಗಂಟೆ ಬೇಗ ಎದ್ದು ತನ್ನ ಪಾಲಿನ ಅಡುಗೆ ಮುಗಿಸಿ, ಓರಗಿತ್ತಿ ಏಳುವ ಹೊತ್ತಿಗೆ ಪಾತ್ರೆ ತೊಳೆದಿಟ್ಟು ಸರಿದುಬಿಡುತ್ತಿದ್ದಳು. ಅವಳನ್ನು ಅಕ್ಕ ಎಂದು ಕರೆಯುವುದು ನಿಂತಿತು. ನೀನು ಹೋಗಿ ನೀವು ಬಂತು. "ನಿಮ್ಮ ಚಹಾ ಮುಚ್ಚಿಟ್ಟಿದ್ದೀನಿ", "ನಿಮ್ಮ ಗಿರಾಕಿ ಬಂದಿದ್ದಾರೆ". ಮೊದಲ ಸಲ ಆ 'ನೀವು' ಕಿವಿಗೆ ಬಿದ್ದಾಗ ಓರಗಿತ್ತಿ ಕೆನ್ನೆಗೆ ಹೊಡೆಸಿಕೊಂಡವಳಂತೆ ನಿಂತಳು.

ಮಗುವಿಗೆ ಮಾತ್ರ ಪೇಚಾಟ. "ದೊಡ್ಡಮ್ಮನ ಹತ್ರ ಹೋಗಬಾರದಾ?" ಎಂದು ಕೇಳಿತು.

"ಹೋಗು. ನಿನಗೆ ಅವರು ಏನೂ ಮಾಡಿಲ್ಲ. ನಿನಗೆ ಚೆನ್ನಾಗಿಯೇ ಹೊಲಿದಿದ್ದಾರೆ."

ಭಾವ ಒಂದು ಸಂಜೆ ಹಜಾರದಲ್ಲಿ ಗುಬ್ಬಿಯನ್ನು ತಡೆದು ನಿಲ್ಲಿಸಿದರು. "ನಾನೇನೋ ತಮಾಷೆಗೆ ಅಂತಿದ್ದೆ. ಇಷ್ಟು ದೂರ ಹೋಗುತ್ತೆ ಅಂತ..." ಮುಂದೆ ಮಾತು ಹುಡುಕಿದರು. "ಅವರಿಗೆ ಹೇಳಿ ಭಾವ, ನನಗಲ್ಲ" ಎಂದಳು ಗುಬ್ಬಿ. ಅವರು ಹೇಳಿದರೋ ಇಲ್ಲವೋ. ಊಟದ ಹೊತ್ತಿನ ತಮಾಷೆ ಮಾತ್ರ ನಿಂತುಹೋಯಿತು.

ಊಟದ ಬಿಡುವಿನಲ್ಲಿ ಗುಬ್ಬಿ ಮಾಸ್ಟರ ಕೋಣೆಗೆ ಹೋಗತೊಡಗಿದಳು. ಅವರು ಹೊಲಿಗೆ ಬಿಚ್ಚುವುದನ್ನು ಮೊದಲು ಕಲಿಸಿದರು. "ಕಟ್ಟೋದಕ್ಕಿಂತ ಬಿಚ್ಚೋದು ಕಷ್ಟ. ನೂಲು ಮಾತ್ರ ಕತ್ತರಿಸಬೇಕು, ಬಟ್ಟೆ ಅಲ್ಲ." ಅಳತೆಯ ಪಾಠ ಬೇರೆ. ತಲೆಯಿಂದ ಕಾಲಿನವರೆಗೆ ಒಂದೇ ಬಣ್ಣ ಹೋದರೆ ಕಣ್ಣು ಎಲ್ಲೂ ತಡೆಯದೆ ಹರಿಯುತ್ತದೆ. ಕುತ್ತಿಗೆ ಸ್ವಲ್ಪ ತೆರೆದಿರಲಿ. ತೋಳು ಮಣಿಕಟ್ಟಿಗಿಂತ ಒಂದು ಬೆರಳು ಮೇಲೆ ನಿಲ್ಲಲಿ. ಸಣ್ಣ ಮೈಗೆ ಸಣ್ಣ ಹೂವು. "ಇಷ್ಟೆ. ಇದರಲ್ಲಿ ಗುಟ್ಟೇನೂ ಇಲ್ಲ" ಎಂದರು. ಇಷ್ಟೆ ಎಂಬ ಆ ಮಾತು ಕೇಳಿದಾಗ ಗುಬ್ಬಿಗೆ ಮೊದಲ ಬಾರಿ ಅಳು ಬಂತು. ಮಾಸ್ಟರು ನೂಲಿನುಂಡೆ ಹುಡುಕುವ ನೆಪದಲ್ಲಿ ಆಚೆ ತಿರುಗಿದರು.

ತನ್ನ ಟಾಪುಗಳನ್ನು ಅವಳು ಒಂದೊಂದಾಗಿ ಬಿಚ್ಚಿ ಕೈಹೊಲಿಗೆಯಲ್ಲೇ ತಿದ್ದಿದಳು. ಹೊಲಿಗೆ ವಕ್ರ. ಒಂದರ ಅಂಚು ಎಡಗಡೆಗೆ ಇಳಿಬಿತ್ತು, ಇನ್ನೊಂದರ ತೋಳು ಹೆಚ್ಚುಕಮ್ಮಿಯಾಯಿತು. ಆದರೂ ಹಾಕಿಕೊಂಡು ಓಡಾಡಿದಳು. ಮನೆಯಲ್ಲಿ ಯಂತ್ರದ ಮುಂದೆ ಕೂತ ಓರಗಿತ್ತಿ ಆ ವಕ್ರ ಹೊಲಿಗೆಗಳನ್ನು ದಿನವೂ ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ, "ಆ ಅಂಚು ಒಂದು ನಿಮಿಷದ ಕೆಲಸ, ಕೊಡು" ಎಂದು ಕೈ ಚಾಚಿದಳು.

"ಬೇಡ. ಅದು ಹಾಗೇ ಇರಲಿ."

ತಿಂಗಳ ಕೊನೆಗೆ ಮೇಲ್ವಿಚಾರಕಿ ದಾಖಲೆ ಕೋಣೆಗೆ ಬಂದು, ಮುಂದಿನ ಕೌಂಟರಿನವಳು ಊರು ಬಿಟ್ಟು ಹೋಗುತ್ತಿದ್ದಾಳೆ, ಬರುತ್ತೀಯಾ ಎಂದು ಕೇಳಿದಳು. "ನನಗೆ ಕೌಂಟರು ಎತ್ತರ ಆಗುತ್ತೆ" ಎಂಬ ಮಾತು ಗುಬ್ಬಿಯ ನಾಲಗೆಯ ತುದಿಗೆ ಬಂದಿತ್ತು. "ಬರ್ತೀನಿ. ಒಂದು ಎತ್ತರದ ಕುರ್ಚಿ ಹಾಕಿಸಿಕೊಡಿ" ಎಂದಳು. ಕೌಂಟರಿನವರಿಗೆ ಸಮವಸ್ತ್ರವಿಲ್ಲ, ತಮ್ಮದೇ ಬಟ್ಟೆ.

ಸುದ್ದಿ ಕೇಳಿ ಗಂಡನಿಗೆ ಖುಷಿಯಾಯಿತು. ಅತ್ತೆ ಬಚ್ಚಲಮನೆಯ ಬಳಿ ಗುಬ್ಬಿಯೊಬ್ಬಳೇ ಸಿಕ್ಕಾಗ ಕೈ ಹಿಡಿದುಕೊಂಡರು. "ಒಳ್ಳೇದಾಯ್ತಲ್ಲ ಈಗ. ಇನ್ನಾದ್ರೂ ಹೊಟ್ಟೆಗೆ ಹಾಕ್ಕೊಂಡುಬಿಡೇ. ಅವಳು ಸರಿಯಾಗಿ ಊಟ ಮಾಡ್ತಿಲ್ಲ."

"ನೋಡಿದ್ದೀನಿ ಅತ್ತೆ."

"ನೋಡಿಯೂ ಸುಮ್ಮನಿದ್ದೀಯಲ್ಲ."

"ನೀವೇ ಕಲಿಸಿದ್ದು."

ಅತ್ತೆ ಕೈ ಬಿಟ್ಟರು.

ಕೌಂಟರಿನ ಮೊದಲ ದಿನ ಬೆಳಿಗ್ಗೆ ಗುಬ್ಬಿ ಸ್ನಾನ ಮುಗಿಸಿ ಕೋಣೆಗೆ ಬಂದರೆ ಮಂಚದ ಮೇಲೆ ಒಂದು ಡ್ರೆಸ್ಸು ಇತ್ತು. ಕಡುನೀಲಿ. ಹೂವಿಲ್ಲ, ಪಟ್ಟಿಯಿಲ್ಲ, ಮೇಲಿಂದ ಕೆಳಗೆ ಒಂದೇ ಬಣ್ಣ. ಬಾಗಿಲಲ್ಲಿ ಓರಗಿತ್ತಿ ನಿಂತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು.

"ಒಂದು ಸಲ ಹಾಕ್ಕೊಂಡು ನೋಡು. ಅಷ್ಟೇ ಕೇಳೋದು" ಎಂದಳು.

ಗುಬ್ಬಿ ಅವಳನ್ನೊಮ್ಮೆ, ಡ್ರೆಸ್ಸನ್ನೊಮ್ಮೆ ನೋಡಿದಳು. ಆಮೇಲೆ ಬಾಗಿಲು ಹಾಕಿಕೊಂಡು ಡ್ರೆಸ್ಸು ತೊಟ್ಟಳು.

ಬೆನ್ನಿನ ಮೇಲೆ ಬಟ್ಟೆ ನೀರಿನಂತೆ ಇಳಿಯಿತು. ಭುಜದ ಹೊಲಿಗೆ ಮೂಳೆಯ ಮೇಲೆ ಕೂತಿತು. ಸೊಂಟ ಇರಬೇಕಾದಲ್ಲಿ ಇತ್ತು. ತೋಳು ಮಣಿಕಟ್ಟಿಗಿಂತ ಒಂದು ಬೆರಳು ಮೇಲೆ. ಮಾಸ್ಟರ ಸಮವಸ್ತ್ರದಲ್ಲೂ ಇಲ್ಲದ ಏನೋ ಇದರಲ್ಲಿತ್ತು. ಎಡಭುಜ ಬಲಕ್ಕಿಂತ ತುಸು ತಗ್ಗು ಎಂಬುದನ್ನು ಗುಬ್ಬಿಯೇ ಮರೆತಿದ್ದಳು, ಡ್ರೆಸ್ಸು ಮರೆತಿರಲಿಲ್ಲ. ಹೆರಿಗೆಯ ಗಾಯದ ಮೇಲೆ ಹೊಲಿಗೆ ಒತ್ತದಂತೆ ಒಂದು ಸಣ್ಣ ಮಡಿಕೆ ತಿರುಗಿಸಲಾಗಿತ್ತು. ಕನ್ನಡಿಯಲ್ಲಿ ನಿಂತವಳು ಚೆಲುವೆಯಾಗಿದ್ದಳು. ಇಪ್ಪತ್ತೈದಕ್ಕೆ ಹೀಗಿರಬಹುದಿತ್ತು, ಇಪ್ಪತ್ತೆಂಟಕ್ಕೆ, ಮೂವತ್ತಕ್ಕೆ. ಗುಬ್ಬಿ ಆ ವರ್ಷಗಳನ್ನೆಲ್ಲ ಒಂದೊಂದಾಗಿ ನೋಡಿದಳು.

ಬಾಗಿಲು ತೆರೆದಳು. ಓರಗಿತ್ತಿ ಅಲ್ಲೇ ಇದ್ದಳು. ಅವಳ ಹಿಂದೆ ಅತ್ತೆ, ಮಗು.

"ಎಲ್ಲಾದ್ರೂ ಹಿಡಿಯುತ್ತಾ?"

"ಇಲ್ಲ."

"ಉದ್ದ?"

"ಸರಿಯಾಗಿದೆ. ಅಳತೆ ಯಾವಾಗ ತಗೊಂಡ್ರಿ?"

ಓರಗಿತ್ತಿಯ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗುವಿನಂಥದೊಂದು ಮೂಡಿತು. "ನಿನ್ನ ಅಳತೆ ನಾನು ತಗೋಬೇಕಾ? ಬಾಯಿಪಾಠ ನನಗೆ."

ಗುಬ್ಬಿ ಒಳಗೆ ಹೋದಳು. ಡ್ರೆಸ್ಸು ಕಳಚಿ, ಸುಕ್ಕಾಗದಂತೆ ಮಡಚಿ, ತನ್ನದೇ ಕೈಯಲ್ಲಿ ತಿದ್ದಿದ ಹಳೆಯ ಟಾಪನ್ನು ಹಾಕಿಕೊಂಡಳು. ಹೊರಗೆ ಬಂದು ಮಡಚಿದ ನೀಲಿ ಬಟ್ಟೆಯನ್ನು ಓರಗಿತ್ತಿಯ ಎರಡೂ ಕೈಗೆ ಇಟ್ಟಳು.

"ಯಾಕೆ? ಚೆನ್ನಾಗಿಲ್ವಾ?"

"ಬಹಳ ಚೆನ್ನಾಗಿದೆ. ಎಲ್ಲಾದ್ರೂ ಒಂದು ಚೂರು ಹೆಚ್ಚುಕಮ್ಮಿ ಆಗಿದ್ದಿದ್ರೆ, ಪಾಪ, ಗೊತ್ತಿಲ್ಲದೇ ಆಗಿತ್ತೇನೋ ಅಂತ ನನ್ನ ಮನಸ್ಸಿಗೆ ನಾನೇ ಸುಳ್ಳು ಹೇಳ್ಕೊಂಡು ಈ ಮನೇಲಿ ನಗ್ತಾ ಇರಬಹುದಿತ್ತು." ಅವಳು ಆ ಸಣ್ಣ ಮಡಿಕೆ ಇದ್ದ ಕಡೆ ಬೆರಳಿಟ್ಟಳು. "ಗಾಯ ಎಲ್ಲಿದೆ ಅಂತ ಕೂಡ ನೆನಪಿಟ್ಟಿದ್ದೀರಿ."

"ಗುಬ್ಬೀ..."

"ಬಸ್ಸಿಗೆ ಹೊತ್ತಾಯ್ತು."

ಮಗಳ ತಲೆ ಸವರಿ, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿದಳು. ಬಾಗಿಲು ಎಳೆದುಕೊಳ್ಳುವಾಗ ಒಮ್ಮೆ ತಿರುಗಿ ನೋಡಿದಳು. ಓರಗಿತ್ತಿ ಯಂತ್ರದ ಮುಂದೆ ಕೂತಿದ್ದಳು. ನೀಲಿ ಡ್ರೆಸ್ಸು ತೊಡೆಯ ಮೇಲೆ. ಹೊಲಿಗೆ ಬಿಚ್ಚುವ ಸಣ್ಣ ಕತ್ತರಿ ಅಭ್ಯಾಸಬಲದಿಂದ ಕೈಗೆ ಬಂದಿತ್ತು. ಅವಳು ಬಟ್ಟೆಯನ್ನು ಆ ಕಡೆ ಈ ಕಡೆ ತಿರುಗಿಸಿದಳು, ಒಳಮಗ್ಗುಲು ಮಾಡಿದಳು, ಅಂಚಿನುದ್ದಕ್ಕೂ ಬೆರಳು ಓಡಿಸಿದಳು. ಬಿಚ್ಚಿ ತಿದ್ದುವುದಕ್ಕೆ ಅದರಲ್ಲಿ ಒಂದು ತಪ್ಪು ಹೊಲಿಗೆಯೂ ಇರಲಿಲ್ಲ.